ಹೆಣದ ಕಾರ್ಖಾನೆ ಎಂಬ ಸುಳ್ಳು

1917ರ ಏಪ್ರಿಲ್ 10. ಬರ್ಲಿನ್‌ನ ಪತ್ರಿಕೆಯೊಂದರಲ್ಲಿ ಕಾರ್ಲ್ ರೋಸ್ನರ್ ಎಂಬ ಯುದ್ಧ ವರದಿಗಾರನ ಬರಹ ಬಂತು. ರಣರಂಗದ ಹಿಂದಿನ ದಾರಿಯಲ್ಲಿ ಹೋಗುತ್ತಿದ್ದಾಗ ಸುಣ್ಣ ಸುಟ್ಟ ಹಾಗೆ ಒಂಥರಾ ವಾಸನೆ. ಅಲ್ಲಿ ಸೇನೆಯ 'ಕಡಾವರ್' ಘಟಕ ಇದೆ, ಕೊಬ್ಬು ಕರಗಿಸಿ ಯಂತ್ರದ ಎಣ್ಣೆ ಮಾಡುತ್ತಾರೆ, ಮೂಳೆ ಪುಡಿ ಮಾಡಿ ಹಂದಿ ಮೇವಿಗೆ, ಗೊಬ್ಬರಕ್ಕೆ ಬಳಸುತ್ತಾರೆ ಎಂದು ಬರೆದಿದ್ದ. ಕೆಲವೇ ಸಾಲು, ಅಷ್ಟೇ.

ಜರ್ಮನ್ನರು ಸಾಮಾನ್ಯವಾಗಿ ಕಡಾವರ್ ಅನ್ನುವುದು ಸತ್ತ ಪ್ರಾಣಿಗೆ. ಸತ್ತ ಮನುಷ್ಯನಿಗೆ ಅವರಲ್ಲಿ ಬೇರೆ ಪದವಿದೆ. ಮೊದಲ ಮಹಾಯುದ್ಧದಲ್ಲಿ ಕುದುರೆಗಳು ಲಕ್ಷಗಟ್ಟಲೆ ಸತ್ತವು. ಬ್ರಿಟನ್ನಿನ ನೌಕಾಪಡೆ ಸಮುದ್ರದ ದಾರಿ ಮುಚ್ಚಿದ್ದರಿಂದ ಜರ್ಮನಿಯಲ್ಲಿ ಎಣ್ಣೆ, ಕೊಬ್ಬಿಗೆ ಪರದಾಟ. ಸತ್ತ ಕುದುರೆಯನ್ನೂ ಸುಮ್ನೆ ಬಿಸಾಡುವ ಹಾಗಿರಲಿಲ್ಲ.

ಒಂದೇ ವಾರದಲ್ಲಿ, ಏಪ್ರಿಲ್ 17ಕ್ಕೆ, ಲಂಡನ್ನಿನ 'ಟೈಮ್ಸ್' ಮತ್ತು 'ಡೈಲಿ ಮೇಲ್'ನಲ್ಲಿ ಕುದುರೆ ಹೋಗಿ ಮನುಷ್ಯ ಬಂದಿದ್ದ. ಜರ್ಮನ್ನರು ತಮ್ಮ ಸೈನಿಕರ ಹೆಣಗಳನ್ನೇ ಕುದಿಸಿ ಕೊಬ್ಬು ತೆಗೆಯುತ್ತಿದ್ದಾರೆ! ಜೊತೆಗೆ ಬೆಲ್ಜಿಯಂ ಪತ್ರಿಕೆಯೊಂದರ ಹೆಸರಿನಲ್ಲಿ ಉದ್ದದ ವರ್ಣನೆ. ಬೆತ್ತಲೆ ಹೆಣಗಳನ್ನು ಮೂರು ನಾಲ್ಕು ಸೇರಿಸಿ ತಂತಿಯಲ್ಲಿ ಕಟ್ಟಿ, ರೈಲಿನಲ್ಲಿ ತಂದು ಇಳಿಸುತ್ತಾರಂತೆ. ಪದದ ಅರ್ಥವೇ ಬೇರೆ ಎಂದು ಜರ್ಮನಿ ಹೇಳಿತು. ಶತ್ರುವಿನ ಮಾತು ಯಾರಿಗೆ ಬೇಕು?

ನನಗೆ ಈ ಕತೆಯಲ್ಲಿ ಜಾಸ್ತಿ ಕಾಡುವುದು ಏಪ್ರಿಲ್ 30ರಂದು ಬ್ರಿಟಿಷ್ ಸಂಸತ್ತಿನಲ್ಲಿ ಬಂದ ಉತ್ತರ. ಇದು ನಿಜವೇ ಎಂದು ಸದಸ್ಯರು ಕೇಳಿದರು. ಪತ್ರಿಕೆಯಲ್ಲಿ ಬಂದದ್ದು ಬಿಟ್ಟರೆ ಸರ್ಕಾರದ ಬಳಿ ಬೇರೆ ಮಾಹಿತಿ ಇಲ್ಲ ಎಂದು ಮಂತ್ರಿ ಲಾರ್ಡ್ ರಾಬರ್ಟ್ ಸೆಸಿಲ್ ಒಪ್ಪಿಕೊಂಡರು. ಆದರೆ ಜರ್ಮನ್ ಸೇನೆ ಈವರೆಗೆ ಮಾಡಿರುವುದನ್ನು ನೋಡಿದರೆ ಈ ಆರೋಪ ನಂಬಲಾಗದ್ದೇನೂ ಅಲ್ಲ ಎಂದೂ ಸೇರಿಸಿದರು. 'ಇದು ನಡೆದಿದೆಯಾ?' ಎಂಬ ಪ್ರಶ್ನೆ ಅಲ್ಲೇ 'ಅವರು ಅಂಥವರೇ ಅಲ್ವಾ?' ಎಂದಾಯಿತು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲೂ ಹೀಗೇ. ಬಂದ ಫಾರ್ವರ್ಡ್ ಸುಳ್ಳು ಎಂದು ತೋರಿಸಿದರೆ 'ಇರಲಿ ಬಿಡಪ್ಪ, ಮಾಡೋ ಜನಾನೇ ಅವರು' ಅನ್ನುವವರು ಒಬ್ಬರಾದರೂ ಇರುತ್ತಾರೆ.

ಜನ ಇಷ್ಟು ಸುಲಭವಾಗಿ ನಂಬುವುದಕ್ಕೆ ನೆಲ ಆಗಲೇ ಹದವಾಗಿತ್ತು. 1914ರಲ್ಲೇ ಲಂಡನ್ನಿನ ವೆಲಿಂಗ್ಟನ್ ಹೌಸ್‌ನಲ್ಲಿ ಚಾರ್ಲ್ಸ್ ಮಾಸ್ಟರ್‌ಮನ್ ನೇತೃತ್ವದ ಗುಟ್ಟಿನ ಪ್ರಚಾರ ಕಚೇರಿ ಶುರುವಾಗಿತ್ತು. ಹೆಸರಾಂತ ಲೇಖಕರನ್ನೆಲ್ಲ ಕರೆದು ಕೆಲಸ ಹಚ್ಚಿದ್ದರು. 1915ರ ಮೇನಲ್ಲಿ ಬಂದ ಬ್ರೈಸ್ ವರದಿ, ಬೆಲ್ಜಿಯಂನಲ್ಲಿ ಜರ್ಮನ್ನರ ಕ್ರೌರ್ಯದ ಬಗ್ಗೆ 1,200ರಷ್ಟು ಹೇಳಿಕೆಗಳ ಮೇಲೆ ನಿಂತಿತ್ತು. ಸಾಕ್ಷಿಗಳ ಹೆಸರಿಲ್ಲ, ಪ್ರಮಾಣ ಮಾಡಿಸಿರಲಿಲ್ಲ. ಅಷ್ಟೊಂದು ಕಟ್ಟುಕತೆಯ ಅಗತ್ಯವೇ ಇರಲಿಲ್ಲ ಅನ್ನುವುದು ಬೇರೆ ಮಾತು. 1914ರ ಆಗಸ್ಟ್‌ನಲ್ಲಿ ಡಿನಾಂಟ್ ಎಂಬ ಒಂದೇ ಊರಿನಲ್ಲಿ ಜರ್ಮನ್ ಸೇನೆ 674 ನಾಗರಿಕರನ್ನು ಕೊಂದಿತ್ತು. ಲೂವೆನ್ ವಿಶ್ವವಿದ್ಯಾಲಯದ ಗ್ರಂಥಾಲಯ ಸುಟ್ಟಿತ್ತು. ನಿಜವೇ ಸಾಕಷ್ಟಿತ್ತು. ಅದರೊಳಗೆ ಸುಳ್ಳು ಬೆರೆಸಿದರು.

1925ರಲ್ಲಿ ಬಣ್ಣ ಬಯಲಾಯಿತು. ಹೆಣದ ಕತೆಯನ್ನು ಕಟ್ಟಿದ್ದು ತಾನೇ ಎಂದು ಮಾಜಿ ಗುಪ್ತಚರ ಮುಖ್ಯಸ್ಥ ಜಾನ್ ಚಾರ್ಟರಿಸ್ ನ್ಯೂಯಾರ್ಕಿನ ಊಟದ ಕೂಟವೊಂದರಲ್ಲಿ ಹೇಳಿದರೆಂದು ಪತ್ರಿಕೆಗಳು ಬರೆದವು. ಅವರು ಇಲ್ಲವೆಂದರು. ಆದರೆ ಡಿಸೆಂಬರ್‌ನಲ್ಲಿ ವಿದೇಶಾಂಗ ಮಂತ್ರಿ ಆಸ್ಟೆನ್ ಚೇಂಬರ್ಲೇನ್, ಕತೆಗೆ ಆಧಾರವಿಲ್ಲ ಎಂಬ ಜರ್ಮನಿಯ ಮಾತನ್ನು ಸಂಸತ್ತಿನಲ್ಲೇ ಒಪ್ಪಿಕೊಂಡರು.

ಸತ್ಯ ಗೊತ್ತಾದ ಮೇಲೆ ಜನ ಚುರುಕಾಗಬೇಕಿತ್ತು. ಆದದ್ದು ಬೇರೆ. ಮೊದಲು ಎಲ್ಲವನ್ನೂ ನಂಬಿದ್ದವರು ಈಗ ಯಾವುದನ್ನೂ ನಂಬದಂತಾದರು. ಬೆಲ್ಜಿಯಂನ ನಿಜವಾದ ಕೊಲೆಗಳನ್ನೂ ಬಹಳ ಮಂದಿ ಸುಳ್ಳಿನ ಲೆಕ್ಕಕ್ಕೇ ಸೇರಿಸಿಬಿಟ್ಟರು. ಇದನ್ನು ಎಚ್ಚರ ಅನ್ನಲು ನನಗೆ ಮನಸ್ಸಿಲ್ಲ. ಪುರಾವೆ ನೋಡುವ ಕೆಲಸ ಆಗಲೂ ಮಾಡಲಿಲ್ಲ, ಈಗಲೂ ಮಾಡಲಿಲ್ಲ.

'ಹುಲಿ ಬಂತು ಹುಲಿ' ಕತೆಯಲ್ಲಿ ಸುಳ್ಳು ಹೇಳಿದ ಹುಡುಗನೇ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾನೆ. ಇಲ್ಲಿ ಹಾಗಾಗಲಿಲ್ಲ. ಎರಡನೇ ಮಹಾಯುದ್ಧದ ನಡುವೆ, 1942ರ ಜೂನ್‌ನಲ್ಲಿ, ಪೋಲೆಂಡಿನಲ್ಲಿ ಜರ್ಮನ್ನರು ಏಳು ಲಕ್ಷ ಯಹೂದಿಗಳನ್ನು ಕೊಂದಿದ್ದಾರೆ ಎಂಬ ಸುದ್ದಿ ಲಂಡನ್ನಿನ 'ಡೈಲಿ ಟೆಲಿಗ್ರಾಫ್'ನ ಒಳಪುಟದಲ್ಲಿ ಬಂತು. ಡಿಸೆಂಬರ್‌ನಲ್ಲಿ ಮಿತ್ರರಾಷ್ಟ್ರಗಳು ಒಟ್ಟಾಗಿ ಖಂಡಿಸಿದ್ದೂ ಹೌದು. ಆದರೂ ಅಧಿಕಾರಿಗಳಲ್ಲಿ ಅನುಮಾನ ಹೋಗಿರಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಯಹೂದಿಗಳ ಬಗೆಗಿನ ತಾತ್ಸಾರವೂ ಒಂದು. ಹಳೆಯ ಸುಳ್ಳಿನ ನೆನಪಂತೂ ಕಡತದಲ್ಲೇ ಸಿಗುತ್ತದೆ.

1943ರ ಆಗಸ್ಟ್ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಪೋಲೆಂಡಿನ ಕ್ರೌರ್ಯದ ಬಗ್ಗೆ ಇನ್ನೊಂದು ಹೇಳಿಕೆ ತಯಾರಿಸುತ್ತಿದ್ದವು. ಕರಡಿನಲ್ಲಿ ಗ್ಯಾಸ್ ಚೇಂಬರಿನ ಮಾತಿತ್ತು. ಬ್ರಿಟನ್ನಿನ ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷ ವಿಕ್ಟರ್ ಕ್ಯಾವೆಂಡಿಶ್-ಬೆಂಟಿಂಕ್ ಇದಕ್ಕೆ ಪುರಾವೆ ಇಲ್ಲ ಎಂದು ಟಿಪ್ಪಣಿ ಬರೆದರು. ಕಳೆದ ಯುದ್ಧದಲ್ಲಿ ಹೆಣದಿಂದ ಕೊಬ್ಬು ತೆಗೆಯುತ್ತಾರೆ ಎಂದು ಹಬ್ಬಿದ್ದ ಕತೆಯನ್ನು ಇದು ನೆನಪಿಸುತ್ತದೆ ಎಂದರು. ಆ ಮಾತನ್ನು ಹೇಳಿಕೆಯಿಂದ ತೆಗೆದುಹಾಕಲಾಯಿತು. ಆ ಹೊತ್ತಿಗೆ ಪೋಲೆಂಡಿನಲ್ಲಿ ಜರ್ಮನ್ನರು ನಡೆಸುತ್ತಿದ್ದ ಬಿರ್ಕೆನೌ ಶಿಬಿರದಲ್ಲಿ ಗ್ಯಾಸ್ ಚೇಂಬರ್ ಇದ್ದ ನಾಲ್ಕು ಹೊಸ ಕಟ್ಟಡಗಳು ಕೆಲಸ ಶುರು ಮಾಡಿ ತಿಂಗಳುಗಳೇ ಕಳೆದಿದ್ದವು.