ಅಪ್‌ಗ್ರೇಡ್ ಆದ ಮೇಲೆ ವೈಫೈ ಹೋಗಿ ಬರುತ್ತಿದೆಯೇ? ಮೊದಲು ರೂಟರ್‌ಗೆ ಪಿಂಗ್ ಮಾಡಿ

"ಅಪ್‌ಗ್ರೇಡ್ ಮಾಡೋವರೆಗೂ ಚೆನ್ನಾಗೇ ಇತ್ತು ಸಾರ್, ಈಗ ವೈಫೈ ಹೋಗುತ್ತೆ, ಬರುತ್ತೆ." ನೆಟ್‌ವರ್ಕ್ ಕೆಲಸದವರ ಕಿವಿಗೆ ಈ ಮಾತು ಬೀಳುತ್ತಲೇ ಇರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸುಮ್ನೆ ತಮ್ಮ ಪಾಡಿಗೆ ನಡೆಯುತ್ತಿದ್ದ ಹಳೇ ಲ್ಯಾಪ್‌ಟಾಪ್‌ಗಳನ್ನೂ ಜನ ವಿಂಡೋಸ್ 11ಕ್ಕೆ ಏರಿಸಿದರು. ಆಮೇಲೆ ಈ ದೂರು ಇನ್ನೂ ಜಾಸ್ತಿಯಾಯಿತು.

ವೈಫೈ ಪೂರ್ತಿ ಸತ್ತಿದ್ದರೆ ನನಗೆ ಖುಷಿಯೇ. ಡ್ರೈವರ್ ಇಲ್ಲ, ಕಾರ್ಡ್ ಕೆಟ್ಟಿದೆ, ಸ್ವಿಚ್ ಆಫ್ ಆಗಿದೆ, ಹೀಗೆ ಏನೋ ಒಂದು ಕಾರಣ ಬೇಗ ಸಿಗುತ್ತದೆ. ಅರೆಬರೆ ನಡೆಯುವ ವೈಫೈಯೇ ತಲೆನೋವು. ಅದು ಕೈಕೊಟ್ಟಾಗ ನೀವು ಏನಾದರೂ ಮಾಡುತ್ತೀರಿ. ಅಷ್ಟರಲ್ಲಿ ಅದು ತಾನಾಗಿಯೇ ಮರಳಿ ಬರುತ್ತದೆ. ಕೊನೆಗೆ ಏನು ಮಾಡಿದ್ದಿರೋ ಅದಕ್ಕೇ ಹೆಸರು. ರೂಟರ್ ಆಫ್ ಮಾಡಿ ಆನ್ ಮಾಡಿದ್ದು ಮದ್ದು ಎಂದು ಒಬ್ಬರು, ಆಂಟಿವೈರಸ್ ತೆಗೆದಿದ್ದು ಎಂದು ಇನ್ನೊಬ್ಬರು. ಮರುದಿನ ಮತ್ತೆ ಅದೇ ಕಥೆ. ಅದಕ್ಕೇ ನಾನು ಸೆಟ್ಟಿಂಗ್ ಮುಟ್ಟುವ ಮೊದಲು ಒಂದೇ ಒಂದು ವಿಷಯ ತಿಳಿದುಕೊಳ್ಳುತ್ತೇನೆ: ಕಡಿದುಹೋಗುತ್ತಿರುವುದು ಎಲ್ಲಿ? ಕಂಪ್ಯೂಟರ್‌ಗೂ ರೂಟರ್‌ಗೂ ನಡುವೆಯೋ, ರೂಟರ್‌ನಿಂದ ಆಚೆಗೋ?

ಇದನ್ನು ನೋಡಲು ಹೊಸ ಸಾಫ್ಟ್‌ವೇರ್ ಏನೂ ಬೇಡ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಎಂದು ಕೊಟ್ಟರೆ ‘ಡೀಫಾಲ್ಟ್ ಗೇಟ್‌ವೇ’ ಎಂಬ ಸಾಲು ಕಾಣುತ್ತದೆ. ಅದೇ ನಿಮ್ಮ ರೂಟರ್‌ನ ವಿಳಾಸ. ಮನೆಗಳಲ್ಲಿ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ. ಪಿಂಗ್ ಎಂದರೆ ಒಂದು ವಿಳಾಸಕ್ಕೆ "ಇದ್ದೀಯಾ?" ಎಂದು ಕೇಳಿ ಉತ್ತರಕ್ಕೆ ಕಾಯುವ ಕಮಾಂಡ್. ಈಗ ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ಈ ವಿಳಾಸಕ್ಕೆ ಪಿಂಗ್, ಇನ್ನೊಂದರಲ್ಲಿ ಹೊರಗಿನ, ಗೂಗಲ್‌ನ 8.8.8.8ಕ್ಕೆ ಪಿಂಗ್. ವಿಂಡೋಸ್‌ನಲ್ಲಿ ಪಿಂಗ್ ನಾಲ್ಕು ಸಲ ಕೇಳಿ ಸುಮ್ಮನಾಗುತ್ತದೆ. ಹಾಗಾಗಿ ಕೊನೆಗೆ ಒಂದು ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಟಿ ಅಕ್ಷರ ಸೇರಿಸಬೇಕು (ping 8.8.8.8 -t). ಆಗ ನೀವು ನಿಲ್ಲಿಸುವವರೆಗೂ ಓಡುತ್ತದೆ. ಮ್ಯಾಕ್‌ನಲ್ಲಿ, ಲಿನಕ್ಸ್‌ನಲ್ಲಿ ಅದು ಹೇಗೂ ಓಡುತ್ತಲೇ ಇರುತ್ತದೆ. ಎರಡೂ ಕಿಟಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನಿಮ್ಮ ಮಾಮೂಲಿ ಕೆಲಸ ಮಾಡಿ.

ನೆಟ್ ನಿಂತಿತು ಅನ್ನಿಸಿದ ಕೂಡಲೇ ಆ ಕಿಟಕಿಗಳನ್ನು ನೋಡಿ. ರೂಟರ್ ನೆಟ್ಟಗೆ ಉತ್ತರ ಕೊಡುತ್ತಿದೆ, ಹೊರಗಿನದು ಮಾತ್ರ ‘ಟೈಮ್ಡ್ ಔಟ್’ ಅನ್ನುತ್ತಿದೆ ಎಂದರೆ ವೈಫೈ ಮೇಲೆ ತಪ್ಪಿಲ್ಲ. ಮನೆಗೆ ಬರುವ ಇಂಟರ್‌ನೆಟ್ ಲೈನ್ ಅಥವಾ ರೂಟರ್ ಅದಕ್ಕೆ ಹೊಣೆ. ಅಪ್‌ಗ್ರೇಡ್ ಅದೇ ವಾರ ಆಗಿದ್ದು ಕಾಕತಾಳೀಯ. ಎರಡೂ ಕಡೆ ಉತ್ತರ ಬರುತ್ತಿದ್ದರೂ ವೆಬ್‌ಸೈಟ್ ತೆರೆಯುತ್ತಿಲ್ಲವೇ? ಆಗ ಹೆಸರನ್ನು ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್, ಇಲ್ಲವೇ ನೆಟ್ ಸಂಚಾರವನ್ನು ಗುಟ್ಟಾದ ದಾರಿಯಲ್ಲಿ ಕಳಿಸುವ ವಿಪಿಎನ್, ಇಲ್ಲವೇ ಆಂಟಿವೈರಸ್ ಅಡ್ಡ ಬಂದಿದೆ. ಹಳೇ ವಿಪಿಎನ್, ಆಂಟಿವೈರಸ್‌ಗಳು ನೆಟ್‌ವರ್ಕ್ ದಾರಿಯಲ್ಲಿ ತಮ್ಮದೇ ಒಂದು ಜರಡಿ ಕೂರಿಸಿರುತ್ತವೆ. ಅಪ್‌ಗ್ರೇಡ್ ಆದ ಮೇಲೆ ಅದು ಹೊಸ ವ್ಯವಸ್ಥೆಗೆ ಹೊಂದದೆ ಒದ್ದಾಡುವುದುಂಟು. ‘ಡಿಸೇಬಲ್’ ಮಾಡಿದರೆ ಸಾಲದು, ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ ನೋಡಬೇಕು.

ರೂಟರ್‌ಗೆ ಹೋಗುವ ಪಿಂಗ್ ತಪ್ಪುತ್ತಿದ್ದರೆ ಮಾತ್ರ ನಾವು ನಿಜವಾದ ವೈಫೈ ತೊಂದರೆಗೆ ಬಂದೆವು. ಒಂದೇ ಕೋಣೆಯಲ್ಲಿ ಕೂತಾಗ ಈ ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು. ನಡುವೆ ಒಮ್ಮೊಮ್ಮೆ ಜಾಸ್ತಿಯಾದರೆ ಚಿಂತೆ ಬೇಡ. ನೂರಾರಕ್ಕೆ ಜಿಗಿಯುತ್ತಲೇ ಇದ್ದರೆ, ಸಾಲಾಗಿ ತಪ್ಪುತ್ತಿದ್ದರೆ ಚಿಂತೆ ಮಾಡಬೇಕು. ಹೀಗೆ ಜಿಗಿಯುವುದರಲ್ಲಿ ಒಂದು ಲಯ ಇದೆಯೇ ಎಂದೂ ಗಮನಿಸಿ. ಗಡಿಯಾರ ಇಟ್ಟ ಹಾಗೆ ಸರಿಯಾದ ಅಂತರದಲ್ಲಿ ಜಿಗಿದರೆ, ಕಾರ್ಡು ಸುತ್ತಲಿನ ಬೇರೆ ನೆಟ್‌ವರ್ಕ್‌ಗಳನ್ನು ಹುಡುಕಲು ಆಗಾಗ ಕಿವಿ ಆಚೆ ತಿರುಗಿಸುತ್ತಿರಬಹುದು. ನೀವು ಎದ್ದುಹೋಗಿ ಬಂದ ಮೇಲೆ ಮಾತ್ರ ತಪ್ಪಿದರೆ ವಿದ್ಯುತ್ ಉಳಿತಾಯದ ಕಾಟ. ಅಂದಹಾಗೆ, ಪಿಂಗ್‌ಗೆ ಉತ್ತರಿಸದ ಹಾಗೆ ಸೆಟ್ ಮಾಡಿದ ರೂಟರ್‌ಗಳೂ ಇವೆ. ಮೊದಲಿನಿಂದಲೇ ಒಂದೂ ಉತ್ತರ ಬರದಿದ್ದರೆ ಗಾಬರಿಯಾಗಬೇಡಿ.

"ಆದರೆ ಫೋನ್‌ನಲ್ಲಿ ಸರಿಯಾಗಿ ಬರ್ತಿದೆ, ಹಾಗಾದ್ರೆ ಕಂಪ್ಯೂಟರ್‌ದೇ ತಪ್ಪು ಅಲ್ವಾ?" ಇದನ್ನು ಎಲ್ಲರೂ ಕೇಳುತ್ತಾರೆ. ನಾನು ಇದನ್ನು ಅಷ್ಟಾಗಿ ನಂಬುವುದಿಲ್ಲ. ವೈಫೈ ಬಿದ್ದರೆ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹಾರಬಹುದು, ನಿಮಗೆ ಗೊತ್ತೇ ಆಗುವುದಿಲ್ಲ. ಅದು ಬೇರೆ ಬ್ಯಾಂಡ್‌ನಲ್ಲಿಯೂ, ಅಂದರೆ ರೂಟರ್‌ನ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗ ಪಟ್ಟಿಗಳಲ್ಲಿ ಇನ್ನೊಂದರಲ್ಲಿ ಇರಬಹುದು. ಮೊಬೈಲ್ ಡೇಟಾ ಆಫ್ ಮಾಡಿ, ಲ್ಯಾಪ್‌ಟಾಪ್ ಇದ್ದ ಜಾಗದಲ್ಲೇ ಫೋನ್ ಇಟ್ಟು ನೋಡಿದರೆ ಆ ಸಾಕ್ಷಿಗೆ ಸ್ವಲ್ಪ ಬೆಲೆ ಬರುತ್ತದೆ.

ಇನ್ನೊಂದು ಮಾತು. ಅಪ್‌ಗ್ರೇಡ್ ಆದ ಮೊದಲ ಒಂದೆರಡು ದಿನ ಕಂಪ್ಯೂಟರ್ ಒಳಗೊಳಗೇ ಬಹಳ ಕೆಲಸ ಮಾಡುತ್ತಿರುತ್ತದೆ. ಉಳಿದ ಅಪ್‌ಡೇಟ್‌ಗಳು, ಆಪ್‌ಗಳ ಹೊಸ ಆವೃತ್ತಿಗಳು, ಕ್ಲೌಡ್‌ನಲ್ಲಿರುವ ಫೋಟೋಗಳು ಎಲ್ಲ ಒಟ್ಟಿಗೆ ಇಳಿಯುತ್ತವೆ. ಆಗ ನೆಟ್ ನಿಧಾನವಾದರೆ ಅದು ವೈಫೈ ರೋಗ ಅಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ನೆಟ್‌ವರ್ಕ್’ ಕಾಲಂ ನೋಡಿದರೆ ಯಾರು ತಿನ್ನುತ್ತಿದ್ದಾರೆ ಎಂದು ಗೊತ್ತಾಗುತ್ತದೆ.

ಸರಿ, ತೊಂದರೆ ಕಂಪ್ಯೂಟರ್‌ಗೂ ರೂಟರ್‌ಗೂ ನಡುವೆಯೇ ಇದೆ ಎಂದಿಟ್ಟುಕೊಳ್ಳೋಣ. ನನ್ನ ಮೊದಲ ಅನುಮಾನ ಯಾವಾಗಲೂ ಡ್ರೈವರ್ ಮೇಲೆ. ವೈಫೈ ಕಾರ್ಡಿನ ಜೊತೆ ಮಾತಾಡುವ ಸಾಫ್ಟ್‌ವೇರ್ ಅದು. ಲ್ಯಾಪ್‌ಟಾಪ್ ಕಂಪನಿ ಆ ಮಾಡೆಲ್‌ಗೆ ಪರೀಕ್ಷಿಸಿ ಕೊಟ್ಟಿದ್ದ ಡ್ರೈವರನ್ನು ಅಪ್‌ಗ್ರೇಡ್ ಬದಿಗೆ ಸರಿಸಿ, ತನ್ನ ಜೊತೆ ತಂದ ಸಾಮಾನ್ಯ ಡ್ರೈವರನ್ನು ಕೂರಿಸಿಬಿಡಬಹುದು. ಅದರಿಂದ ಕೆಲಸ ನಡೆಯುತ್ತದೆ, ಆದರೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಕೆಲವು ಸಲ ಉಲ್ಟಾ: ಹೊಸ ವ್ಯವಸ್ಥೆಯಲ್ಲಿ ಹಳೇ ಡ್ರೈವರೇ ಉಳಿದು ಮುಗ್ಗರಿಸುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು ‘ನೆಟ್‌ವರ್ಕ್ ಅಡಾಪ್ಟರ್ಸ್’ ಕೆಳಗೆ ನಿಮ್ಮ ಕಾರ್ಡಿನ ‘ಪ್ರಾಪರ್ಟೀಸ್’ಗೆ ಹೋಗಿ. ‘ಡ್ರೈವರ್’ ಪುಟದಲ್ಲಿ ತಾರೀಖು, ವರ್ಷನ್ ಸಂಖ್ಯೆ ಇರುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಲ್ಲಿ ನಿಮ್ಮ ಮಾಡೆಲ್‌ಗೆ ಏನಿದೆ ಎಂದು ಹೋಲಿಸಿ.

ಅಲ್ಲೇ ಇರುವ ‘ಅಪ್‌ಡೇಟ್ ಡ್ರೈವರ್’ ಬಟನ್ ಒತ್ತಿ, "ಅತ್ಯುತ್ತಮ ಡ್ರೈವರ್ ಈಗಾಗಲೇ ಇದೆ" ಎಂಬ ಉತ್ತರ ಬಂದರೆ ಅದನ್ನು ಪ್ರಮಾಣಪತ್ರ ಎಂದುಕೊಳ್ಳಬೇಡಿ. ಅದು ಹುಡುಕಿದ್ದು ನಿಮ್ಮ ಕಂಪ್ಯೂಟರ್ ಒಳಗೆ ಮಾತ್ರ, ಕಂಪನಿಯ ಸೈಟಿನಲ್ಲಿ ಅಲ್ಲ. ಪಕ್ಕದ ‘ರೋಲ್ ಬ್ಯಾಕ್ ಡ್ರೈವರ್’ ನನಗೆ ಹೆಚ್ಚು ಇಷ್ಟ. ಹಳೆಯದಕ್ಕೆ ಮರಳಿ ನೋಡಲು ಅದು ಸುಲಭದ ದಾರಿ. ಆದರೆ ಹಳೆಯದರ ಪ್ರತಿ ಉಳಿದಿಲ್ಲದಿದ್ದರೆ ಆ ಬಟನ್ ಮಸುಕಾಗಿರುತ್ತದೆ. ಹೊಸ ಡ್ರೈವರ್ ಹಾಕುವುದಾದರೆ ಫೈಲನ್ನು ಮೊದಲೇ ಇಳಿಸಿಟ್ಟುಕೊಂಡು, ಆಮೇಲೆ ಹಳೆಯದನ್ನು ತೆಗೆಯಿರಿ. ವೈಫೈ ಡ್ರೈವರ್ ತೆಗೆದ ಮೇಲೆ ವೈಫೈ ಡ್ರೈವರ್ ಇಳಿಸಲು ನೆಟ್ ಎಲ್ಲಿಂದ ಬರಬೇಕು? "ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ" ಎನ್ನುವ ಸಾಫ್ಟ್‌ವೇರ್‌ಗಳ ಹತ್ತಿರವೂ ಸುಳಿಯಬೇಡಿ.

ಡ್ರೈವರ್ ಸರಿಯಿದ್ದರೆ ಮುಂದಿನದು ವಿದ್ಯುತ್ ಉಳಿತಾಯ. ಅಪ್‌ಗ್ರೇಡ್ ಇದನ್ನು ಸದ್ದಿಲ್ಲದೆ ತನ್ನ ಇಷ್ಟಕ್ಕೆ ಮರಳಿಸಿರಬಹುದು. ಅದೇ ಪ್ರಾಪರ್ಟೀಸ್‌ನಲ್ಲಿ ‘ಪವರ್ ಮ್ಯಾನೇಜ್‌ಮೆಂಟ್’ ಪುಟ ಇದ್ದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಸಾಲಿನ ಟಿಕ್ ತೆಗೆಯಿರಿ. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಈ ಪುಟವೇ ಕಾಣುವುದಿಲ್ಲ. ಅವುಗಳ ಸ್ಲೀಪ್ ರೀತಿಯೇ ಬೇರೆ. ಪರೀಕ್ಷೆ ಸುಲಭ: ಚಾರ್ಜರ್ ಹಾಕಿದಾಗ ಸರಿ, ಬ್ಯಾಟರಿಯಲ್ಲಿ ಕಟ್ ಆಗುತ್ತದೆ ಎಂದರೆ ಕಳ್ಳ ಇಲ್ಲೇ ಇದ್ದಾನೆ.

ವಿಂಡೋಸ್ ಒಂದು ಒಳ್ಳೆಯ ದಾಖಲೆಯನ್ನೂ ಇಟ್ಟಿರುತ್ತದೆ, ಆದರೆ ಬಹಳ ಜನಕ್ಕೆ ಗೊತ್ತಿಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಡಬ್ಲ್ಯುಲ್ಯಾನ್‌ರಿಪೋರ್ಟ್’ (netsh wlan show wlanreport) ಎಂದು ಕೊಟ್ಟರೆ ಹಿಂದಿನ ಮೂರು ದಿನಗಳ ವೈಫೈ ವರದಿ ಒಂದು ಪುಟವಾಗಿ ತಯಾರಾಗುತ್ತದೆ. ಯಾವಾಗ ಸೇರಿತು, ಯಾವಾಗ ಕಡಿಯಿತು, ಯಾಕೆ ಎಂಬುದೆಲ್ಲ ಅದರಲ್ಲಿರುತ್ತದೆ. ಕಾರಣಗಳ ಭಾಷೆ ಒರಟು. ಆದರೆ ಹೊತ್ತು ನೋಡಿದರೇ ಅರ್ಧ ಕೆಲಸ ಆಯಿತು.

ಈಗ ರೂಟರ್ ಕಡೆಗೆ. ರೂಟರ್‌ನಲ್ಲಿ ಏನೂ ಬದಲಾಗಿಲ್ಲ ನಿಜ, ಆದರೆ ಕಂಪ್ಯೂಟರ್ ಅದರ ಜೊತೆ ಮಾತಾಡುವ ರೀತಿ ಬದಲಾಗಿರಬಹುದು. ಉದಾಹರಣೆಗೆ ಮ್ಯಾಕ್‌ಒಎಸ್ ಸೆಕ್ವೋಯಾದಲ್ಲಿ, ಅಂದರೆ 2024ರ ಆವೃತ್ತಿಯಲ್ಲಿ, ಮ್ಯಾಕ್ ತನ್ನ ನಿಜವಾದ ಹಾರ್ಡ್‌ವೇರ್ ವಿಳಾಸ ಮುಚ್ಚಿಟ್ಟು ಬೇರೊಂದನ್ನು ತೋರಿಸುವ ಸೌಲಭ್ಯ ಬಂತು. ವಿಂಡೋಸ್‌ನಲ್ಲೂ ಇಂಥ ಆಯ್ಕೆ ಇದೆ. ಗುರುತು ಸಿಗದ ಹಾಗೆ ಓಡಾಡಲು ಇದು ಒಳ್ಳೆಯದೇ. ಆದರೆ ರೂಟರ್‌ನಲ್ಲಿ ಗೊತ್ತಿರುವ ವಿಳಾಸಗಳಿಗಷ್ಟೇ ಪ್ರವೇಶ ಎಂದು ಸೆಟ್ ಮಾಡಿದ್ದರೆ, ಅದಕ್ಕೆ ನಿಮ್ಮ ಕಂಪ್ಯೂಟರ್ ಅಪರಿಚಿತ. ಮನೆಯ ನೆಟ್‌ವರ್ಕ್‌ಗೆ ಮಾತ್ರ ಈ ಆಯ್ಕೆ ಆಫ್ ಮಾಡಿದರೆ ಸಾಕು.

ಭದ್ರತೆಯ ಸೆಟ್ಟಿಂಗ್ ಇನ್ನೊಂದು ಜಾಗ. ವೈಫೈಗೆ ಬೀಗ ಹಾಕುವ ಪದ್ಧತಿಗೆ ಡಬ್ಲ್ಯುಪಿಎ (WPA) ಎನ್ನುತ್ತಾರೆ. ಅದರಲ್ಲಿ ಹೊಸದಾದ ಡಬ್ಲ್ಯುಪಿಎ3 ಬಂದಿದ್ದು 2018ರಲ್ಲಿ. ಹಳೆಯ ಸಾಧನಗಳಿಗಾಗಿ ರೂಟರ್‌ಗಳು ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಬೆರೆಸಿ ನಡೆಸುತ್ತವೆ. ಹೊಸ ವ್ಯವಸ್ಥೆ ಡಬ್ಲ್ಯುಪಿಎ3 ಹಿಡಿಯಲು ಹೋಗಿ, ಹಳೇ ಕಾರ್ಡಿನ ಡ್ರೈವರ್ ಅದನ್ನು ನಿಭಾಯಿಸಲಾಗದೆ ಸೋತರೆ ಸಂಪರ್ಕ ಕಟ್ ಆಗುತ್ತಲೇ ಇರುತ್ತದೆ. ಸ್ವಲ್ಪ ಹೊತ್ತು ರೂಟರ್‌ನಲ್ಲಿ ಬರೀ ಡಬ್ಲ್ಯುಪಿಎ2, ಅದರ ಗೂಢಲಿಪಿ ಪದ್ಧತಿಯಾಗಿ ಎಇಎಸ್ (AES) ಇಟ್ಟು ನೋಡಿ. ಸರಿಹೋದರೆ ಕಾರಣ ಸಿಕ್ಕಿತು. ಟಿಕೆಐಪಿ (TKIP) ಎಂಬ ಹಳೇ ಗೂಢಲಿಪಿ ಪದ್ಧತಿ ಇನ್ನೂ ಇದ್ದರೆ ಇವತ್ತೇ ತೆಗೆದುಹಾಕಿ, ಅದಕ್ಕೆ ಅಪ್‌ಗ್ರೇಡ್‌ನ ನೆಪವೂ ಬೇಕಿಲ್ಲ.

ಬ್ಯಾಂಡ್ ಮತ್ತು ಚಾನೆಲ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಒಂದೊಂದು ಬ್ಯಾಂಡಿನ ಒಳಗಿನ ಸಣ್ಣ ಸಣ್ಣ ದಾರಿಗಳೇ ಚಾನೆಲ್‌ಗಳು. ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿದ್ದರೆ ಯಾವುದಕ್ಕೆ ಸೇರಬೇಕು ಎಂದು ಕಂಪ್ಯೂಟರೇ ತೀರ್ಮಾನಿಸುತ್ತದೆ. ಹೊಸ ಡ್ರೈವರ್ ಬಂದಾಗ ಆ ತೀರ್ಮಾನ ಬದಲಾಗಬಹುದು. ಹಿಂದೆ 2.4 ಗಿಗಾಹರ್ಟ್ಸ್‌ನಲ್ಲಿ ಗಟ್ಟಿಯಾಗಿದ್ದ ಲ್ಯಾಪ್‌ಟಾಪ್ ಈಗ ಎರಡು ಗೋಡೆ ದಾಟಿ ಬರುವ ದುರ್ಬಲ 5 ಗಿಗಾಹರ್ಟ್ಸ್‌ಗೆ ಜೋತುಬೀಳಬಹುದು, ಇಲ್ಲವೇ ಎರಡರ ನಡುವೆ ಹಾರಾಡುತ್ತಿರಬಹುದು. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಒಂದೊಂದರಲ್ಲೂ ಒಂದು ದಿನ ಕಳೆಯಿರಿ. 5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ರೇಡಾರ್ ಸುಳಿವು ಸಿಕ್ಕರೆ ರೂಟರ್ ಆ ಚಾನೆಲ್ ಬಿಟ್ಟು ಹೋಗಲೇಬೇಕು. ಇಂಥದೇ ಇನ್ನೊಂದು ಚಾನೆಲ್‌ಗೆ ಹೋಗುವ ಮುನ್ನ ಕನಿಷ್ಠ 60 ಸೆಕೆಂಡ್ ಸುಮ್ಮನೆ ಕಿವಿಗೊಡಬೇಕು. ವೈಫೈ ಒಂದು ನಿಮಿಷ ಮಾಯವಾಗಿ ಮರಳುತ್ತಿದ್ದರೆ ಚಾನೆಲನ್ನು 36ರಿಂದ 48ರೊಳಗೆ ಇಡಿ. 2.4ರಲ್ಲಿ 1, 6, 11 ಬಿಟ್ಟು ಬೇರೆ ಚಾನೆಲ್ ಬೇಡ, ಅಗಲ 20 ಮೆಗಾಹರ್ಟ್ಸ್ ಸಾಕು. ಮ್ಯಾಕ್ ಇದ್ದವರು ಆಪ್ಷನ್ ಕೀ ಒತ್ತಿಕೊಂಡು ವೈಫೈ ಚಿಹ್ನೆ ಕ್ಲಿಕ್ ಮಾಡಿದರೆ ಚಾನೆಲ್, ಸಿಗ್ನಲ್ ಎರಡೂ ಕಾಣುತ್ತವೆ. ಸಿಗ್ನಲ್ ಮೈನಸ್ 50ರ ಆಸುಪಾಸು ಇದ್ದರೆ ಚೆನ್ನ, ಮೈನಸ್ 75ಕ್ಕೆ ಇಳಿದರೆ ಯಾವ ಸೆಟ್ಟಿಂಗೂ ಉಳಿಸಲಾರದು.

ಎಲ್ಲ ನೋಡಿದ ಮೇಲೂ ಹಾಗೇ ಇದ್ದರೆ? ತಪ್ಪು ನಿಜವಾಗಿಯೂ ಆಪರೇಟಿಂಗ್ ಸಿಸ್ಟಂನದೇ ಆಗಿರಬಹುದು. 2014ರಲ್ಲಿ ಬಂದ ಮ್ಯಾಕ್‌ನ ಯೋಸೆಮಿಟಿ ಆವೃತ್ತಿಯಲ್ಲಿ ಆಪಲ್‌ನವರು ನೆಟ್‌ವರ್ಕ್ ಹೆಸರುಗಳನ್ನು ಹುಡುಕುವ ಒಳಗಿನ ಪ್ರೋಗ್ರಾಂ ಒಂದನ್ನು ಬದಲಿಸಿ, ದೂರುಗಳ ಮಳೆ ಸುರಿದ ಮೇಲೆ 2015ರ ಮಧ್ಯದಲ್ಲಿ ಹಳೆಯದನ್ನೇ ಮರಳಿ ತಂದರು. 2023ರ ಡಿಸೆಂಬರ್‌ನಲ್ಲಿ ವಿಂಡೋಸ್ 11ರ ಅಪ್‌ಡೇಟ್ ಒಂದರಿಂದ ಕೆಲವು ವೈಫೈ ಕಾರ್ಡ್‌ಗಳು ಕಚೇರಿ, ಕಾಲೇಜುಗಳ ನೆಟ್‌ವರ್ಕ್‌ಗೆ ಸೇರಲಾಗದೆ ಹೋದವು. ಮೈಕ್ರೋಸಾಫ್ಟ್ ಒಪ್ಪಿಕೊಂಡು ಆ ಬದಲಾವಣೆಯನ್ನು ಹಿಂದಕ್ಕೆ ಪಡೆಯಿತು. ಇಂಥ ಹೊತ್ತಿನಲ್ಲಿ ಮನೆಯಲ್ಲಿ ಕೂತು ಸೆಟ್ಟಿಂಗ್ ತಿರುವಿ ಫಲವಿಲ್ಲ. ಮುಂದಿನ ಅಪ್‌ಡೇಟ್ ಬರುವವರೆಗೆ ಕೇಬಲ್ ಹಾಕಿಕೊಂಡು ಕೆಲಸ ಮಾಡುವುದೇ ಮೇಲು. ಲಿನಕ್ಸ್‌ನವರಿಗೆ ಇಲ್ಲೊಂದು ಅನುಕೂಲ ಇದೆ. ಬೂಟ್ ಆಗುವಾಗ ಹಳೇ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳಿನ ಹಳೇ ಆವೃತ್ತಿ ಆರಿಸಿ ನೋಡಬಹುದು. ಅದರಲ್ಲಿ ವೈಫೈ ಸರಿಯಿದ್ದರೆ ತನಿಖೆ ಮುಗಿದ ಹಾಗೆ.

‘ನೆಟ್‌ವರ್ಕ್ ರೀಸೆಟ್’ ಅನ್ನು ಎಲ್ಲರೂ ಮೊದಲೇ ಒತ್ತುತ್ತಾರೆ, ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದು ಅಡಾಪ್ಟರ್‌ಗಳನ್ನೆಲ್ಲ ಕಿತ್ತು ಮತ್ತೆ ಕೂರಿಸುತ್ತದೆ. ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ವಿಪಿಎನ್ ಮತ್ತೆ ಹಾಕಬೇಕಾಗಬಹುದು. ಅದರಿಂದ ಸರಿಹೋದರೂ ಯಾವುದರಿಂದ ಕೆಟ್ಟಿತ್ತು ಎಂಬ ಸುಳಿವು ಅದರ ಜೊತೆಗೇ ಅಳಿಸಿಹೋಗುತ್ತದೆ. ಹಳೇ ವಿಂಡೋಸ್‌ಗೆ ಮರಳಲು ‘ಗೋ ಬ್ಯಾಕ್’ ಇದೆ, ಆದರೆ ಮಾಮೂಲಿಯಾಗಿ 10 ದಿನ ಮಾತ್ರ. ಹಾಗಾಗಿ ಪಿಂಗ್ ಪರೀಕ್ಷೆಯನ್ನು ಮೊದಲ ವಾರದಲ್ಲೇ ಮುಗಿಸಿಕೊಳ್ಳಿ.

ಕಾರ್ಡು ತೀರಾ ಹಳೆಯದು, ಹೊಸ ವ್ಯವಸ್ಥೆಗೆ ಅದರ ತಯಾರಕರು ಡ್ರೈವರ್ ಬಿಟ್ಟೇ ಇಲ್ಲ ಎಂದಾದರೆ ಯುಎಸ್‌ಬಿ ವೈಫೈ ಅಡಾಪ್ಟರ್ ಕೊಳ್ಳುವುದೇ ಸುಲಭ. ಆದರೆ ಅದನ್ನು ಚುಚ್ಚುವ ಜಾಗ ನೋಡಿ. ಯುಎಸ್‌ಬಿ 3 ಸಾಧನಗಳಿಂದ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಏಳುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದು ತಿಳಿಸಿತ್ತು. ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಪಕ್ಕದಲ್ಲೇ ಅಡಾಪ್ಟರ್ ಇದ್ದರೆ ಹೊಸದೂ ಹಳೆಯದರ ಹಾಗೆಯೇ ಹೋಗಿ ಬರುತ್ತದೆ. ಒಂದು ಸಣ್ಣ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅದನ್ನು ಸ್ವಲ್ಪ ದೂರ ಇಡಿ.