ಬಾಲ್ಯದ ನೋವಿಗೆ ಅಂಕ ಹಾಕಬಹುದೇ?

‘ಡಾಕ್ಟರ್, ನನಗೆ ಆರು ಅಂಕ ಬಂದಿದೆ. ಇಪ್ಪತ್ತು ವರ್ಷ ಮೊದಲೇ ಸಾಯುತ್ತೇನಂತೆ, ನಿಜವೇ?’ ದೌರ್ಜನ್ಯ, ನಿರ್ಲಕ್ಷ್ಯದಂಥ ಬಾಲ್ಯದ ಪ್ರತಿಕೂಲ ಅನುಭವಗಳನ್ನು, ಬಗೆಗೊಂದು ಅಂಕದಂತೆ, ಹತ್ತು ಪ್ರಶ್ನೆಗಳಲ್ಲಿ ಎಣಿಸುವ ‘ಏಸ್’ ಪ್ರಶ್ನಾವಳಿಯನ್ನು ಮೊಬೈಲಿನಲ್ಲಿ ತುಂಬಿ, ಹೆದರಿ ಬರುವವರು ಹೀಗೆ ಕೇಳುತ್ತಾರೆ.

ಇದರ ಮೂಲ ಅಮೆರಿಕದ ಸ್ಯಾನ್ ಡಿಯಾಗೊ. ಅಲ್ಲಿನ ಬೊಜ್ಜು ಚಿಕಿತ್ಸಾಲಯದಲ್ಲಿ 1980ರ ದಶಕದಲ್ಲಿ, ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದರು. ಡಾ. ವಿನ್ಸೆಂಟ್ ಫೆಲಿಟಿ ಕಾರಣ ವಿಚಾರಿಸಿದಾಗ, ಹಲವರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದ್ದು ತಿಳಿಯಿತು. ಮುಂದೆ ಅವರೂ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಡಾ. ರಾಬರ್ಟ್ ಆಂಡಾ ಅವರೂ 17,000ಕ್ಕೂ ಹೆಚ್ಚು ವಯಸ್ಕರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. 1998ರ ಮೊದಲ ವರದಿಯ ಪ್ರಕಾರ, ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಟ ಕಂಡವರಲ್ಲಿ, ಒಂದನ್ನೂ ಕಾಣದವರಿಗಿಂತ, ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯಾ ಯತ್ನಗಳ ಅಪಾಯ 4ರಿಂದ 12 ಪಟ್ಟು ಹೆಚ್ಚು.

ಆದರೆ ಅದು ಸಾವಿರಾರು ಜನರ ಸರಾಸರಿ, ಒಬ್ಬರ ಜಾತಕವಲ್ಲ. ಒಮ್ಮೆ ನಡೆದ ದೌರ್ಜನ್ಯಕ್ಕೂ ವರ್ಷಗಟ್ಟಲೆ ನಡೆದದ್ದಕ್ಕೂ ಅಲ್ಲಿ ಒಂದೇ ಅಂಕ. ಆಗ ನಿಮ್ಮನ್ನು ಮಡಿಲಿಗೆಳೆದುಕೊಂಡ ಅಜ್ಜಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ವ್ಯಕ್ತಿಗಳ ಅಪಾಯವನ್ನು ಈ ಅಂಕದಿಂದ ಅಳೆಯಬೇಡಿ ಎಂದು 2020ರಲ್ಲಿ ಸ್ವತಃ ಆಂಡಾ ಎಚ್ಚರಿಸಿದರು. ಅದೇ ವರ್ಷ ಕ್ಯಾಲಿಫೋರ್ನಿಯಾ ಸರ್ಕಾರ ಬಾಲ್ಯದ ಇಂಥ ಅನುಭವಗಳನ್ನು ಕೇಳುವ ಪ್ರತಿ ತಪಾಸಣೆಗೆ ವೈದ್ಯರಿಗೆ 29 ಡಾಲರ್ ಕೊಡತೊಡಗಿತು. ಮುಂದಿನ ಆರೈಕೆ ಸಿದ್ಧವಿಲ್ಲದ ಕಡೆ ಹೀಗೆ ಎಲ್ಲರನ್ನೂ ಕೇಳುತ್ತಾ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮವರಿಗೆ ಆ ಹತ್ತು ಪ್ರಶ್ನೆಗಳು ಸಾಲುವುದೂ ಇಲ್ಲ. ಶಾಲೆಯಲ್ಲಿ ಜಾತಿಯ ಹೆಸರಿನಲ್ಲಿ ಬೇರೆ ಕೂರಿಸಿದ್ದು, ಚಿಕ್ಕಂದಿನಲ್ಲೇ ಕೂಲಿಗೆ ಕಳಿಸಿದ್ದು ಅದರಲ್ಲಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿ ಹೆತ್ತವರ ಸಾವು, ಸಹಪಾಠಿಗಳ ಕಿರುಕುಳ, ಬೀದಿಯ ಹಿಂಸೆಯನ್ನೂ ಕೇಳುತ್ತದೆ. ಅದು ನಮಗೆ ಹೆಚ್ಚು ಹತ್ತಿರ.

ಹಾಗೆಂದು ಕೇಳದೇ ಇರಬಾರದು. ಕಾರಣ ಸಿಗದ ತಲೆನೋವು, ಹೊಟ್ಟೆಯುರಿತ, ನಿದ್ರೆಗೇಡುಗಳೊಂದಿಗೆ ವರ್ಷಗಟ್ಟಲೆ ಅಲೆದವರ ಬಾಲ್ಯವನ್ನು ಯಾವ ವೈದ್ಯರೂ ವಿಚಾರಿಸಿರುವುದಿಲ್ಲ. ಜೊತೆಗೆ ಬಂದ ಗಂಡನನ್ನೋ ಅತ್ತೆಯನ್ನೋ ಹೊರಗೆ ಕೂರಿಸಿ, ‘ಚಿಕ್ಕಂದಿನಲ್ಲಿ ಮನೆಯಲ್ಲಿ ಭಯವಾಗುತ್ತಿತ್ತೇ? ಹೇಳಬೇಕೆನಿಸಿದರೆ ಮಾತ್ರ ಹೇಳಿ’ ಎಂದು ಕೇಳುತ್ತೇನೆ. ವಿವರ ಕೆದಕುವುದಿಲ್ಲ. ಹೇಳಿಕೊಂಡವರಿಗೆ ಮುಂದಿನ ಭೇಟಿಯ ದಿನವನ್ನು ಅಲ್ಲೇ ಗೊತ್ತುಮಾಡುತ್ತೇನೆ. ಹಳೆಯದನ್ನು ಬಾಯಿಬಿಟ್ಟ ರಾತ್ರಿ ಕೆಲವರಿಗೆ ತುಂಬಾ ಕಷ್ಟವಾಗುತ್ತದೆ. ಅದಕ್ಕೆಂದೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ನ ಸಂಖ್ಯೆ 14416 ಅನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ. ಹಗಲಿರುಳೂ ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.