ಪದ ಪರಿಚಯ: ಕೇಪಿನ ರಿವಾಲ್ವರಿನ ಪ್ರತಿಕೃತಿ

ಮಲೆನಾಡಿನವರಿಗೆ ಕೇಪಿನ ಕೋವಿ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ, ಗಜದಿಂದ ಜಡಿದು, ಹಿಂಬದಿಯಲ್ಲಿ ತೂತಿರುವ ಪುಟ್ಟ ತುದಿಗೆ ತಾಮ್ರದ ಕೇಪು ಸಿಕ್ಕಿಸುವ ಕೋವಿ ಅದು. ಕುದುರೆ, ಅಂದರೆ ಕೋವಿಯ ಪುಟ್ಟ ಸುತ್ತಿಗೆ, ಬಂದು ಕೇಪಿಗೆ ಬಡಿದರೆ ಒಳಗಿನ ಮದ್ದು ಹೊತ್ತಿಕೊಳ್ಳುತ್ತದೆ. ದೀಪಾವಳಿಯಲ್ಲಿ ಮಕ್ಕಳ ಪಿಸ್ತೂಲಿಗೆ ಹಾಕುವ ಚುಕ್ಕಿಗೂ ನಾವು ಕೇಪು ಅಂತಲೇ ಅನ್ನುತ್ತೇವೆ. ಇಂಗ್ಲಿಷಿನ ‘ಪರ್ಕಶನ್’ ಎಂಬ ಮಾತಿಗೆ ಇಲ್ಲಿ ಆ ಬಡಿತವೇ ಅರ್ಥ. ಹಾಗಾಗಿ ‘ಪರ್ಕಶನ್ ರಿವಾಲ್ವರ್’ ಅನ್ನುವುದನ್ನು ಕೇಪಿನ ರಿವಾಲ್ವರ್ ಎಂದರೆ ಸಾಕು, ಹೊಸ ಪದ ಹುಟ್ಟಿಸಬೇಕಿಲ್ಲ.

ಇದು ಅಮೆರಿಕದ ವಸ್ತು. ಸ್ಯಾಮ್ಯುಯೆಲ್ ಕೋಲ್ಟ್ ತನ್ನ ತಿರುಗುವ ಸಿಲಿಂಡರಿಗೆ ಅಲ್ಲಿ 1836ರಲ್ಲಿ ಪೇಟೆಂಟ್ ಪಡೆದ. ಸಿಲಿಂಡರಿನ ಒಂದೊಂದು ಮನೆಗೂ ಮುಂದಿನಿಂದ ಮದ್ದು, ಗುಂಡು. ಹಿಂದೆ ಒಂದೊಂದು ಕೇಪು. ಅವನ 1851ರ ನೇವಿ ಮಾದರಿ .36 ಕ್ಯಾಲಿಬರಿನದು (ಕ್ಯಾಲಿಬರ್ ಅಂದರೆ ನಳಿಗೆಯ ತೂತಿನ ಅಳತೆ), 1860ರ ಆರ್ಮಿ ಮಾದರಿ .44ರದು. ಜೊತೆಗೆ ರೆಮಿಂಗ್ಟನ್ ಕಂಪನಿಯ ರಿವಾಲ್ವರುಗಳೂ ಇದ್ದವು. ಲೋಹದ ತೋಟಾ ಬಂದ ಮೇಲೆ ಇವುಗಳ ಕಾಲ ಮುಗಿಯಿತು. 1873ರ ಹೊತ್ತಿಗೆ ನೇವಿಯ ತಯಾರಿಕೆಯೂ ನಿಂತಿತು.

ಸುಮಾರು 80 ವರ್ಷಗಳ ನಂತರ ಅವು ಮತ್ತೆ ಹುಟ್ಟಿದವು. ಅಮೆರಿಕದ ಅಂತರ್ಯುದ್ಧಕ್ಕೆ 1961ರಲ್ಲಿ ನೂರು ವರ್ಷ ತುಂಬುವುದಿತ್ತು. ಆಗಿನ ಬಂದೂಕುಗಳನ್ನು ಹಿಡಿದು ನೋಡುವ, ಹಾರಿಸುವ ಆಸೆ ಜನರಿಗೆ. ನೇವಿ ಆರ್ಮ್ಸ್ ಕಂಪನಿಯ ವಾಲ್ ಫಾರ್ಗೆಟ್ 1950ರ ದಶಕದ ಕೊನೆಗೆ ಇಟಲಿಯ ಬ್ರೆಶಿಯಾ ಸೀಮೆಗೆ ಹೋಗಿ ಹೊಸದಾಗಿ ಮಾಡಿಸತೊಡಗಿದ. ಅಲ್ಲಿನ ಗಾರ್ಡೋನೆ ಶತಮಾನಗಳಿಂದ ಬಂದೂಕು ಕೆಲಸಕ್ಕೆ ಹೆಸರಾದ ಕಣಿವೆಯ ಊರು. ಉಬೆರ್ಟಿ, ಪಿಯೆಟ್ಟಾ ಎಂಬ ಈಗಿನ ದೊಡ್ಡ ಹೆಸರುಗಳು ಆ ಸೀಮೆಯವೇ.

ಇನ್ನು ‘ಪ್ರತಿಕೃತಿ’. ಕನ್ನಡದಲ್ಲಿ ಬರೆಯುವವರು ಇದನ್ನು ‘ನಕಲಿ’ ಎಂದುಬಿಡುತ್ತಾರೆ. ಅದು ತಪ್ಪು, ಮಾಡಿದವರಿಗೆ ಅನ್ಯಾಯ ಕೂಡ. ನಕಲಿ ನೋಟು ತಾನು ಅಸಲಿಯೆಂದು ಸುಳ್ಳು ಹೇಳುತ್ತದೆ. ಪ್ರತಿಕೃತಿ ತಾನು ಯಾರು, ಎಲ್ಲಿ ಹುಟ್ಟಿದೆ, ಯಾವ ವರ್ಷ ಎಂಬುದನ್ನು ಮೈಮೇಲೇ ಹೊತ್ತಿರುತ್ತದೆ. ಗುರುತಿಸುವುದೆಂದರೆ ಅದನ್ನು ಓದಲು ಕಲಿಯುವುದು.

ಓದುವುದು ಹೀಗೆ. ಭೂತಗನ್ನಡಿ ಹಿಡಿದು ನಳಿಗೆ, ಫ್ರೇಮು, ಸಿಲಿಂಡರುಗಳ ಮೇಲೆ ನಿಧಾನವಾಗಿ ಕಣ್ಣಾಡಿಸಿ. ನಕ್ಷತ್ರದ ಕೆಳಗೆ ರೋಮನ್ ಲಿಪಿಯ ‘ಪಿಎನ್’ ಕಂಡರೆ ಅದು ಇಟಲಿಯ ಪರೀಕ್ಷಾಲಯದ ಮುದ್ರೆ. ‘ಪೋಲ್ವೆರೆ ನೇರಾ’, ಅಂದರೆ ಕರಿಮದ್ದು: ಕರಿಮದ್ದಿನಿಂದ ಪರೀಕ್ಷಿಸಿದ್ದು ಎಂದರ್ಥ. ಅಲ್ಲೇ ಎಲ್ಲೋ ಒಂದು ಚಿಕ್ಕ ಚೌಕದೊಳಗೆ ವರ್ಷದ ಸಂಕೇತವಿರುತ್ತದೆ. 1954ರಿಂದ ರೋಮನ್ ಅಂಕಿಗಳು: ಹತ್ತು ಎಂದಿದ್ದರೆ 1954, ಇಪ್ಪತ್ತು ಎಂದಿದ್ದರೆ 1964. 1975ರಿಂದ ಜೋಡಿ ಅಕ್ಷರ: ಎಎ 1975, ಎಬಿ 1976, ನಡುವೆ ಕೆಲವು ಅಕ್ಷರ ಬಿಟ್ಟುಕೊಂಡು ಸಾಗಿ ಬಿಎ 1991, ಸಿಎ 2006. ತಯಾರಕರ ಹೆಸರು ಕೆಲವು ಮಾದರಿಗಳಲ್ಲಿ ನಳಿಗೆಯ ಕೆಳಗಿರುವ, ಗುಂಡು ಜಡಿಯುವ ಸನ್ನೆಗೋಲನ್ನು ಇಳಿಸಿದ ಮೇಲಷ್ಟೇ ಕಾಣಿಸುತ್ತದೆ. ಆ ಪುಟ್ಟ ಚೌಕವನ್ನು ಹುಡುಕಿ ವರ್ಷ ಹೇಳುವಾಗಿನ ಖುಷಿ ಹಳೆಯ ನಾಣ್ಯದ ಅಂಚು ಉಜ್ಜಿ ಇಸವಿ ಓದಿದಂಥದ್ದೇ.

ಮೋಸ ಶುರುವಾಗುವುದು ಈ ಗುರುತುಗಳನ್ನು ಅರದಿಂದ ಉಜ್ಜಿ, ಆಸಿಡ್ ಹಚ್ಚಿ ತುಕ್ಕು ಬರಿಸಿ, ಅಂತರ್ಯುದ್ಧದ ಅಸಲಿ ಎಂದು ಮಾರುವಾಗ. ಪ್ರತಿಕೃತಿ ನಕಲಿಯಾಗುವುದು ಆ ಗಳಿಗೆಯಲ್ಲಿ. ನೇವಿಯ ನಳಿಗೆಗೆ ಎಂಟು ಮುಖ. ಮುಖಗಳ ನಡುವಿನ ಅಂಚು ಹರಿತವಾಗಿರಬೇಕು. ಒಂದೇ ಕಡೆ ಅಂಚು ಮೊಂಡಾಗಿ, ಮುಖ ತುಸು ಕುಳಿ ಬಿದ್ದಿದ್ದರೆ ಅಲ್ಲಿ ಏನನ್ನೋ ಅಳಿಸಿದ್ದಾರೆ. ಕೋಲ್ಟ್ ಅಸಲಿಯಲ್ಲಿ ನಳಿಗೆ, ಫ್ರೇಮು, ಬೆರಳಲ್ಲಿ ಎಳೆಯುವ ಕುದುರೆಬಿಲ್ಲಿನ ಸುತ್ತಲ ಕಾಪು, ಹಿಡಿಯ ಹಿಂಪಟ್ಟಿ ಎಲ್ಲಕ್ಕೂ ಒಂದೇ ಕ್ರಮಸಂಖ್ಯೆ ಇರುತ್ತಿತ್ತು; ಅದನ್ನೂ ತಾಳೆ ನೋಡಬೇಕು.

ಹೊಸ ಸಂಗ್ರಾಹಕರು ಎಡವುವುದು ‘.44 ನೇವಿ’ ಎಂಬ ಸರಕಿನಲ್ಲಿ. ಕೋಲ್ಟ್ ಕಾರ್ಖಾನೆ 1851ರ ನೇವಿಯನ್ನು .44ರಲ್ಲಿ ಮಾರಾಟಕ್ಕೆ ಬಿಡಲೇ ಇಲ್ಲ. ಆ ಗಾತ್ರದ ಫ್ರೇಮಿನಲ್ಲಿ .44 ಹಿಡಿಸಲು ಸಿಲಿಂಡರಿನ ಮುಂಭಾಗವನ್ನು ದಪ್ಪ ಮಾಡಿ ಮೆಟ್ಟಿಲು ಕೊಡಬೇಕು. 1860ರ ಆರ್ಮಿಯಲ್ಲಿ ಕೋಲ್ಟ್ ಮಾಡಿದ್ದು ಅದನ್ನೇ. ಎಂಟು ಮುಖದ ನಳಿಗೆ, ಮೆಟ್ಟಿಲಿನ ಸಿಲಿಂಡರು ಎರಡೂ ಒಟ್ಟಿಗಿದ್ದರೆ ಅದು ಇಟಲಿಯ ಕಲ್ಪನೆ. ಕೆಲವು ಪ್ರತಿಕೃತಿಗಳಲ್ಲಿ ಕಾಣುವ ಹಿತ್ತಾಳೆಯ ಫ್ರೇಮಿಗೆ ಮಾತ್ರ ಚರಿತ್ರೆಯ ಆಧಾರವುಂಟು: ಅಂತರ್ಯುದ್ಧದಲ್ಲಿ ಉಕ್ಕಿನ ಕೊರತೆಯಲ್ಲಿದ್ದ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಜಾರ್ಜಿಯಾದ ಗ್ರಿಸ್ವೋಲ್ಡ್ ಅಂಡ್ ಗನ್ನಿಸನ್ ಕಂಪನಿ 1862ರಿಂದ 1864ರವರೆಗೆ ಅಂಥ .36 ರಿವಾಲ್ವರುಗಳನ್ನು ಮಾಡಿತ್ತು. ಆದರೆ ಕೋಲ್ಟ್ ನೇವಿಯಲ್ಲಿ ಹಿತ್ತಾಳೆ ಕಾಪಿಗೂ ಹಿಂಪಟ್ಟಿಗೂ ಅಷ್ಟೇ.

ನನಗೆ ಬಲು ಇಷ್ಟ ನೇವಿಯ ಸಿಲಿಂಡರಿನ ಸುತ್ತ ಒತ್ತಿರುವ ಚಿತ್ರ. ಹಡಗುಗಳು, ಹಾಯಿಗಳು, ತೋಪಿನ ಹೊಗೆ. 1843ರ ಮೇ 16ರಂದು ಮೆಕ್ಸಿಕೋದ ಕಾಂಪೆಚೆ ಬಳಿ, ಆಗ ಸ್ವತಂತ್ರ ದೇಶವಾಗಿದ್ದ ಟೆಕ್ಸಾಸಿನ ನೌಕಾಪಡೆ ಮೆಕ್ಸಿಕೋದ ಹಡಗುಗಳೊಡನೆ ಕಾದಿದ್ದು. ಕೆತ್ತಿದವನು ವಾಟರ್‌ಮನ್ ಆರ್ಮ್ಸ್‌ಬಿ. ಬಳಸಿದ ಅಸಲಿಗಳಲ್ಲಿ ಅದು ಬಹುಪಾಲು ಸವೆದುಹೋಗಿ, ಒಂದು ಹಾಯಿಯೋ ಒಂದು ಅಲೆಯೋ ಉಳಿದಿರುತ್ತದೆ. ಇಡೀ ಕದನವನ್ನು ಬೆರಳಲ್ಲಿ ತಿರುಗಿಸಿ ನೋಡಲು ಪ್ರತಿಕೃತಿಯೇ ಬೇಕು.

ಸಂಗ್ರಹದ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ 1968ರ ಕೇಂದ್ರ ಕಾಯ್ದೆ ತೋಟಾ ಬಳಸದ ಇಂಥ ಪ್ರತಿಕೃತಿಗಳನ್ನು ಪುರಾತನ ಬಂದೂಕುಗಳ ಸಾಲಿಗೆ ಸೇರಿಸಿತು. ರಾಜ್ಯಗಳ ನಿಯಮ ಬೇರೆ ಇವೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಗುಂಡು ಹಾರಿಸಬಲ್ಲದ್ದು ಬಂದೂಕೇ, ಸಾಮಾನ್ಯವಾಗಿ ಪರವಾನಗಿ ಬೇಕು.

ಪದದ ಎಲ್ಲೆ ಮಸುಕಾಗುವ ಜಾಗವೂ ಒಂದಿದೆ. 1971ರಲ್ಲಿ ಕೋಲ್ಟ್ ಕಂಪನಿಯೇ ನೇವಿಯನ್ನು ಮತ್ತೆ ಹೊರತಂದಿತು. ಬಿಡಿಭಾಗಗಳು ಇಟಲಿಯ ಉಬೆರ್ಟಿಯವು, ಅಂತಿಮ ಕೆಲಸ ಅಮೆರಿಕದಲ್ಲಿ, ಹೆಸರು ಕೋಲ್ಟಿನದು. ಸಂಗ್ರಾಹಕರು ಅದನ್ನು ಪ್ರತಿಕೃತಿ ಎನ್ನಲು ಒಪ್ಪದೆ ‘ಎರಡನೇ ತಲೆಮಾರು’ ಎನ್ನುತ್ತಾರೆ, ಬೆಲೆಯನ್ನೂ ಹಾಗೇ ಕಟ್ಟುತ್ತಾರೆ. ನಾನೂ ಅವರ ಮಾತನ್ನೇ ಒಪ್ಪುತ್ತೇನೆ: ಅದರ ಮೇಲಿರುವ ಕೋಲ್ಟ್ ಎಂಬ ಹೆಸರು, ಹೆಸರಿಡುವ ಹಕ್ಕಿದ್ದ ಮನೆಯೇ ಇಟ್ಟದ್ದು.